ನೌಕರಿಗೆ ಮುಂಚಿನ ಸಾಹೇಬರು

ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದುವವರನ್ನು ‘ಸ್ಪರ್ಧಾರ್ಥಿ’ ಎಂದು ಕರೆಯುವುದು ಈಗ ರೂಢಿಯಾಗಿದ್ದು, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿಲ್ಲದ ಊರು ಸಿಕ್ಕೀತು, ಸ್ಪರ್ಧಾರ್ಥಿಯಿಲ್ಲದ ಊರು ಸಿಗಲಾರದು. ಊರವರು ಈತನನ್ನು ನೌಕರಿಗೆ ಮೊದಲೇ ‘ಸಾಹೇಬ್ರ’ ಎನ್ನುತ್ತಾರಾದರೂ, ಅದರಲ್ಲಿ ಹಾರೈಕೆ ಎಷ್ಟು, ಕುಚೋದ್ಯ ಎಷ್ಟು ಎಂಬುದು ಕರೆಯುವವರ ವಯಸ್ಸಿನ ಮೇಲೆ ಹೋಗುತ್ತದೆ.

ಈ ಮಾದರಿಯ ಮೊದಲ ಲಕ್ಷಣ ವೇಳಾಪಟ್ಟಿ. ನಸುಕಿನ ನಾಲ್ಕಕ್ಕೆ ಆರಂಭವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಈ ಪಟ್ಟಿಯನ್ನು ಅವನು ಸ್ಕೇಲು ಹಿಡಿದು ಗೆರೆ ಎಳೆದು, ಇತಿಹಾಸಕ್ಕೆ ಹಸಿರು, ಸಂವಿಧಾನಕ್ಕೆ ನೀಲಿ, ‘ಮಾನಸಿಕ ಸಾಮರ್ಥ್ಯ’ ಎಂಬ ತರ್ಕ-ಲೆಕ್ಕಗಳ ಭಾಗಕ್ಕೆ ಕೆಂಪು ಸ್ಕೆಚ್ ಪೆನ್ನು ಬಳಸಿ ಬರೆಯುವಷ್ಟರಲ್ಲಿ ಇಡೀ ದಿನ ಕಳೆಯುವುದರಿಂದ ಓದು ಮರುದಿನಕ್ಕೆ ಹೋಗುತ್ತದೆ. ಮರುದಿನ ನಸುಕಿನಲ್ಲೇ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬಂದು, ಕಬ್ಬಿಗೆ ನೀರು ಹಾಯಿಸಲು ಅಪ್ಪ ಕೂಗಿದರೆ, ಪಟ್ಟಿಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ಉತ್ಸಾಹ ಕುಗ್ಗಿದಾಗ ‘ಮೋಟಿವೇಶನ್’, ಅಂದರೆ ಕೋಚಿಂಗ್ ಗುರುಗಳು ಮೊಬೈಲಿನೊಳಗಿಂದ ಕೈಯೆತ್ತಿ ಹುರಿದುಂಬಿಸುವ ವಿಡಿಯೊ, ನೆರವಿಗೆ ಬರುತ್ತದೆ. ಅದನ್ನು ನೋಡಿದರೆ ರಕ್ತ ಕುದಿಯುವುದು ನಿಜ. ರಕ್ತ ಕುದಿಯುವಾಗ ಶೇಕಡಾವಾರು ಲೆಕ್ಕ ತಲೆಗೆ ಹತ್ತದಿರುವುದೂ ಅಷ್ಟೇ ನಿಜವಾದ್ದರಿಂದ, ಇನ್ನೊಂದು ವಿಡಿಯೊ ಅನಿವಾರ್ಯವಾಗುತ್ತದೆ. ಅದೂ ಸಾಲದೆ ಹೋದರೆ ಮನಸ್ಸು ಹಗುರಾಗಲೆಂದು ಗೆಳೆಯರ ಸಂಗಡ ಗೋಕಾಕ ಜಲಪಾತಕ್ಕೆ ಹೋಗಿ, ಸುಮಾರು 52 ಮೀಟರ್ ಎತ್ತರದಿಂದ ನೀರು ಬೀಳುವುದನ್ನು ‘ಭೂಗೋಳದ ಕ್ಷೇತ್ರ ಅಧ್ಯಯನ’ವೆಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿದೆ. ವೋಲ್ಗಾ ಯಾವ ಸಮುದ್ರ ಸೇರುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲ ಹುಕ್ಕೇರಿಯ ಸ್ಪರ್ಧಾರ್ಥಿ, ತನ್ನದೇ ತಾಲೂಕಿನ ಹಿಡಕಲ್ ಜಲಾಶಯ ಘಟಪ್ರಭೆಗೆ ಕಟ್ಟಿದ್ದೋ ಹಿರಣ್ಯಕೇಶಿಗೋ ಎಂಬಲ್ಲಿ ತಡವರಿಸಿ, ತಪ್ಪು ಉತ್ತರಕ್ಕೆ ಗಳಿಸಿದ ಅಂಕವನ್ನೂ ಕಳೆಯುವ ‘ಋಣಾತ್ಮಕ ಅಂಕ’ಕ್ಕೆ ಬಲಿಯಾಗುತ್ತಾನೆ. (ಘಟಪ್ರಭೆಗೇ.)

ಆದರೂ ಈತನನ್ನು ಬರೀ ಸೋಮಾರಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಲಿಖಿತ ಪರೀಕ್ಷೆಯು ಅಕ್ರಮದ ಕಾರಣ 2022ರ ಏಪ್ರಿಲಿನಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯುವವರೆಗೆ, ಪ್ರಾಮಾಣಿಕವಾಗಿ ಬರೆದವರೂ ಕಾಯಬೇಕಾಯಿತು. ಅದೇ ವರ್ಷ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಆಗಸ್ಟಿನಲ್ಲಾದ ಪೂರ್ವಭಾವಿ ಪರೀಕ್ಷೆಯನ್ನು, ಪ್ರಶ್ನೆಗಳ ಕನ್ನಡ ಅನುವಾದ ಕೆಟ್ಟಿದ್ದರಿಂದ, ಡಿಸೆಂಬರಿನಲ್ಲಿ ಮತ್ತೆ ನಡೆಸಲಾಯಿತು. ಕನ್ನಡದಲ್ಲೇ ಓದಿದವನಿಗೆ ಕನ್ನಡದ ಪ್ರಶ್ನೆಯೇ ಅರ್ಥವಾಗದಂಥ ಅಡ್ಡಿಗೆ ಯಾವ ಬಣ್ಣದ ಪೆನ್ನೂ ಜಾಗ ಇಟ್ಟಿರಲಿಲ್ಲ.

ಇಂಥ ಕಾಯುವಿಕೆಯಲ್ಲಿ ತಾಳಿಕೊಳ್ಳುವವನು ಹೆಚ್ಚಾಗಿ ಪಟ್ಟಿ ಬರೆಯುವುದನ್ನೇ ಬಿಟ್ಟವನು. ಮೂಡಲಗಿಯ ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಹಳೆಯ ಪ್ರಶ್ನೆಪತ್ರಿಕೆ ಮಡಚಿಟ್ಟುಕೊಂಡು, ಗಿರಾಕಿ ಬರುವುದರೊಳಗೆ ನಾಲ್ಕು ಪ್ರಶ್ನೆ ಬಿಡಿಸಿ, ಸಕ್ಕರೆ ತೂಗಿ ಚಿಲ್ಲರೆ ಎಣಿಸಿಕೊಟ್ಟ ಮೇಲೆ ತಪ್ಪಿದ್ದಕ್ಕೆ ಪೆನ್ಸಿಲಿನಿಂದ ಗುರುತು ಹಾಕುವ ಈತನಲ್ಲಿ ಮೋಟಿವೇಶನ್ನಿನ ಯಾವ ಲಕ್ಷಣವೂ ಕಾಣುವುದಿಲ್ಲವಾದ್ದರಿಂದ, ಇವನನ್ನು ಯಾರೂ ‘ಸಾಹೇಬ್ರ’ ಎನ್ನುವುದಿಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದಾಗ ಊರಿಗೆ ಆಶ್ಚರ್ಯವಾಗುವುದೂ ಇಂಥವನ ವಿಷಯದಲ್ಲೇ.

ಕಡೆಯದಾಗಿ, ಮದುವೆಮನೆಯ ಪಂಕ್ತಿಯಲ್ಲಿ ಸ್ಪರ್ಧಾರ್ಥಿಯ ಪಕ್ಕಕ್ಕೆ ಕೂರುವ ಹಿರಿಯರು, ‘ತಮ್ಮಾ, ನೌಕರಿ ಯಾವಾಗ ಆಗ್ತದಪಾ?’ ಎಂಬ ಪ್ರಶ್ನೆಯನ್ನು ಮುಂದಿನ ಅಧಿಸೂಚನೆ ಹೊರಡುವವರೆಗಾದರೂ ಮುಂದೂಡಬೇಕೆಂದು ವಿನಂತಿ. ಮುಂದೂಡಿಕೆಗೆ ಈ ಕ್ಷೇತ್ರದಲ್ಲಿ ಪೂರ್ವನಿದರ್ಶನಗಳಿಗೇನೂ ಕೊರತೆಯಿಲ್ಲ.