ಶ್ರೀಮಾನ್ ಸ್ಟಬ್ ಅವರೊಡನೆ ಸಂದರ್ಶನ

ದೂರದ ಯಂತ್ರದೊಳಗಿರುವ ವಸ್ತುವಿನ ಮೆಥಡ್ಡನ್ನು ಇದ್ದಲ್ಲಿಂದಲೇ ಕರೆಯುವ ಆರ್‌ಎಂಐ ಎಂಬ ವ್ಯವಸ್ಥೆಯು 1997ರಲ್ಲಿ ಜಾವಾ ಭಾಷೆಗೆ ಬಂದಂದಿನಿಂದ, ಕ್ಲಯಂಟಿನ ಬಳಿ ಕುಳಿತು ಸರ್ವರಿನ ಹೆಸರಿನಲ್ಲಿ ಓಗೊಡುತ್ತ, ಸ್ವತಃ ಒಂದು ಲೆಕ್ಕವನ್ನೂ ಮಾಡದೆ ಸಕಲ ಲೆಕ್ಕಗಳ ಕೀರ್ತಿಗೂ ಭಾಜನರಾಗಿರುವ ಸ್ಟಬ್ ಎಂಬ ಮಹನೀಯರೊಬ್ಬರುಂಟು. ಅವರನ್ನೇ ಕಂಡು ಮಾತನಾಡಿಸಿದೆನು.

ತಮ್ಮ ಉದ್ಯೋಗವೇನೆಂದು ಅರುಹಬಹುದೆ?

ನಾನು ಉತ್ಸವಮೂರ್ತಿ. ಮೂಲವಿಗ್ರಹವು ಸರ್ವರೆಂಬ ಗರ್ಭಗುಡಿಯನ್ನು ಬಿಟ್ಟು ಕದಲದು. ಬೀದಿಗೆ ಬಂದು ಪೂಜೆಗೊಳ್ಳುವವನು ನಾನು. ಕ್ಲಯಂಟು ‘ಕೂಡು(2, 3)’ ಎಂದೊಡನೆ ಆ ಅಂಕಿಗಳನ್ನು ಬೈಟುಗಳ ಸಾಲಾಗಿಸಿ, ಸಾಕೆಟ್ಟಿನ ಮೂಲಕ ಕಳುಹಿ, ಅತ್ತಣಿಂದ 5 ಬರುವವರೆಗೂ ಕಾದಿದ್ದು, ಬಂದುದನ್ನು ನನ್ನದೇ ಉತ್ತರವೆಂಬಂತೆ ಗಾಂಭೀರ್ಯದಿಂದ ಒಪ್ಪಿಸುವೆನು.

(ಈ ವಿನಯದಲ್ಲಿ ಹೆಮ್ಮೆಯ ಪಾಲೇ ಹೆಚ್ಚೆಂದು ನನಗೆ ತೋರಿತು.)

ಕ್ಲಯಂಟಿಗೆ ತಮ್ಮ ದರ್ಶನವಾಗುವ ಬಗೆ?

ರಿಮೋಟ್ ಇಂಟರ್‌ಫೇಸೊಂದನ್ನು ಬರೆದು, ಅದರಂತೆ ನಡೆಯುವ ವಸ್ತುವನ್ನು ಸರ್ವರಿನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಸಾಮಾನ್ಯವಾಗಿ 1099ನೆಯ ಪೋರ್ಟಿನಲ್ಲಿರುವ ರಿಜಿಸ್ಟ್ರಿಯಲ್ಲಿ ಹೆಸರು ಬರೆಸುವರು. ಆ ಹೆಸರಿನಿಂದ ಹುಡುಕಿದವರಿಗೆ ದೊರೆಯುವವನು ನಾನು. ಹಿಂದೆ ನನ್ನನ್ನು ರೂಪಿಸಲು ಆರ್‌ಎಂಐಸಿ ಎಂಬ ಉಪಕರಣ ಬೇಕಾಗಿದ್ದಿತು. 2004ರ ಜಾವಾ 5ರಿಂದೀಚೆಗೆ ನಾನು ಸ್ವಯಂಭೂ.

ಕ್ಲಯಂಟು ಕರೆಯೊಡನೆ ಕಳುಹಿದ ಪಟ್ಟಿಗೆ ಸರ್ವರು ಸೇರಿಸಿದ ಹೆಸರುಗಳು ಕ್ಲಯಂಟಿನ ಬಳಿಯ ಪಟ್ಟಿಯಲ್ಲಿ ಕಾಣವೆಂದು ಕೆಲವರ ದೂರು.

ಹೋದುದು ನಕಲು. ಸರ್ವರಿನವರು ಅದರ ಮೇಲೆ ಶ್ರದ್ಧೆಯಿಂದ ಬರೆದು, ಕಾರ್ಯ ಮುಗಿದೊಡನೆ ವಿಸರ್ಜಿಸಿದರು. ಕಛೇರಿಗಳ ಪರಿಚಯವುಳ್ಳವರಿಗೆ ಇದರಲ್ಲಿ ವಿಸ್ಮಯವೇನು?

ನಡುದಾರಿಯಲ್ಲಿ ಸಂಪರ್ಕ ಕಡಿದರೆ?

ದೂರದ ಕರೆಯನ್ನು ಹತ್ತಿರದ ಕರೆಯೆಂದು ಬಗೆಯಲಾಗದೆಂದು ಸನ್ ಸಂಸ್ಥೆಯ ಜಿಮ್ ವಾಲ್ಡೋ ಮತ್ತು ಸಂಗಡಿಗರು 1994ರಲ್ಲಿಯೇ ಬರೆದಿದ್ದರು. ಆ ವಿವೇಕಕ್ಕೆ ಅನುಗುಣವಾಗಿಯೇ ಇಂಟರ್‌ಫೇಸಿನ ಪ್ರತಿಯೊಂದು ಮೆಥಡ್ಡೂ ‘ರಿಮೋಟ್ ಎಕ್ಸೆಪ್ಷನ್’ ಉಂಟಾಗಬಹುದೆಂದು ಮೊದಲೇ ಸಾರತಕ್ಕದ್ದು. ಕರೆಯೇ ತಲುಪಲಿಲ್ಲವೋ, ತಲುಪಿ ಕೆಲಸವೂ ನಡೆದು ಉತ್ತರ ಮಾತ್ರ ಕಳೆದುಹೋಯಿತೋ, ಎಷ್ಟೋ ವೇಳೆ ನಾನೂ ಅರಿಯೆನು. ಹಣ ಪಾವತಿಯ ಮೆಥಡ್ಡಾದರೆ ಮರಳಿ ಕರೆಯುವ ಮುನ್ನ ವಿಚಾರಿಸಿ ನೋಡುವುದು ಲೇಸು.

ಪ್ರೋಗ್ರಾಮರುಗಳು ಈ ಎಚ್ಚರಿಕೆಯನ್ನು ಹೇಗೆ ಸ್ವೀಕರಿಸುವರು?

‘ಕ್ಯಾಚ್’ ಎಂದು ಬರೆದು, ಎರಡು ಬ್ರೇಸುಗಳ ನಡುವೆ ಏನನ್ನೂ ಬರೆಯದೆ, ಕಾಫಿಗೆ ಹೊರಡುವರು. ತಮ್ಮ ಓದುಗರಲ್ಲಿ ಅಂಥವರಿದ್ದರೆ ನನ್ನದೊಂದು ಬಿನ್ನಹ: ಆ ಜಾಗದಲ್ಲಿ ಲಾಗಿನ ಒಂದು ಸಾಲನ್ನಾದರೂ ಬರೆಯಿರಿ.