ಬೋಂಡದ ಮಟ್ಟ

"ಸಾರ್, ಪಿಂಚಣಿಗೆ ಕೊಟ್ಟಿದ್ದ ನನ್ನ ಆಧಾರ್ ಜೆರಾಕ್ಸು?"

"ಸಿಗ್ತಾ ಇಲ್ಲ ಯಜಮಾನ್ರೇ. ಇನ್ನೊಂದು ಸೆಟ್ ಕೊಡಿ."

"ಹೊರಗೆ ಬೋಂಡ ಕಟ್ಟಿಕೊಟ್ಟ ಕಾಗದದಲ್ಲಿ ನನ್ನ ಮುಖವೇ ಇತ್ತಲ್ಲ! ಹಣೆ ಮೇಲೆಲ್ಲ ಎಣ್ಣೆ."

"ಸಿಕ್ತಲ್ಲ ಮತ್ತೆ! ನಂಬರು ಕಾಣುತ್ತಾ? ಕಂಡ್ರೆ ಅದನ್ನೇ ಕೊಡಿ."

"ಕಂಡಕಂಡವರಿಗೆ ಜೆರಾಕ್ಸ್ ಕೊಡಬೇಡಿ ಅಂತ 2022ರ ಮೇ 27ಕ್ಕೆ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಹೇಳಿತ್ತಲ್ಲ?"

"29ಕ್ಕೆ ವಾಪಸ್ ತಗೊಂಡ್ರು. ಜನ ತಪ್ಪು ತಿಳ್ಕೋತಾರೆ ಅಂತ."

(ಎರಡೇ ದಿನ! ಸರ್ಕಾರಿ ಕಾಗದ ಇಷ್ಟು ಚುರುಕಾಗಿ ವಿಲೇವಾರಿಯಾಗುವುದು ಅಪರೂಪ.)

"2017ರಲ್ಲಿ ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಆಧಾರ್ ನಂಬರ್ ಬಯಲಿಗೆ ಬಿದ್ದಿದ್ವಂತೆ?"

"ಅಷ್ಟಕ್ಕೆಲ್ಲ ನಮ್ಮ ತಾಲ್ಲೂಕಿಗೆ ಅನುದಾನ ಎಲ್ಲಿ ಬರುತ್ತೆ ಯಜಮಾನ್ರೇ? ನಮ್ಮದಿನ್ನೂ ಬೋಂಡದ ಮಟ್ಟ."