ಲೈಸೆನ್ಸ್ ಮೇಷ್ಟ್ರು

ಲೈಸೆನ್ಸ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ವಯಸ್ಸು ನಲವತ್ತೈದು ದಾಟಿದೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಬನಶಂಕರಿಯಲ್ಲೋ ವಿಜಯನಗರದಲ್ಲೋ ಎರಡು ಬೆಡ್‌ರೂಮಿನ ಮನೆ. ಅದರಲ್ಲಿ ಒಂದು ಬೆಡ್‌ರೂಮು ಪ್ಲೇಸ್ಟೇಷನ್ನಿಗೆ ಮೀಸಲು. ಟಿ.ವಿ. ಎದುರು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದ ಸ್ಟೀರಿಂಗು, ಕೆಳಗೆ ಮೂರು ಪೆಡಲು, ಹಿಂದೆ ಗುಜರಿಯಿಂದ ತಂದ ಕಾರಿನ ಸೀಟು. ಊರಿಂದ ಅತ್ತೆ ಮಾವ ಬಂದರೆ ಹಾಲಿನಲ್ಲಿ ಚಾಪೆ ಹಾಸಿಕೊಳ್ಳಬೇಕು. ಸೀಟು ಮಾತ್ರ ಒಂದಿಂಚೂ ಅಲುಗಾಡಕೂಡದು.

ರಜೆಗೆ ಬಂದ ಹುಡುಗರು "ಅಂಕಲ್, ಕಾರ್ ಗೇಮ್ ಆಡ್ಲಾ?" ಅಂತ ಕೇಳಿದರೆ ಬೇರೆ ಮನೆಗಳಲ್ಲಿ "ಆಡ್ಕೊಳಪ್ಪಾ" ಅಂದು ಟಿ.ವಿ. ಹಾಕಿಕೊಡುತ್ತಾರೆ. ಮೇಷ್ಟ್ರು ಕನ್ನಡಕ ಮೇಲೇರಿಸಿ, "ಲೈಸೆನ್ಸ್ ಆಗಿದೆಯಾ?" ಅಂತ ಕೇಳುತ್ತಾರೆ. ಹುಡುಗನಿಗೆ ಹತ್ತು ವರ್ಷ. ಫೆರಾರಿ ಓಡಿಸುವ ಆಸೆಯಿಂದ ಬಂದವನು. ಅವನಿಗೆ ಸಿಗುವುದು ಆಟದೊಳಗಿನ ಬಿ ಲೈಸೆನ್ಸಿನ ಮೊದಲ ಪರೀಕ್ಷೆ: ನೆಟ್ಟಗೆ ಹೋಗು, ಗುರುತು ಹಾಕಿದ ಚೌಕದೊಳಗೆ ನಿಲ್ಲಿಸು. ಹುಡುಗ ಆಕ್ಸಿಲರೇಟರ್ ಒತ್ತಿದ, ಚೌಕ ದಾಟಿ ಹೋದ. ಫೇಲ್. ಎರಡನೇ ಸಲ ಹೆದರಿ ಚೌಕಕ್ಕಿಂತ ಹಿಂದೆಯೇ ನಿಂತ. ಮತ್ತೂ ಫೇಲ್. ಮೂರನೇ ಸಲ ಹೇಗೋ ಒಳಗೆ ನಿಲ್ಲಿಸಿ ಬೆಳ್ಳಿ ಪದಕ ಬಂತು ಅಂತ ಕುಣಿದಾಡಿದರೆ, ಮೇಷ್ಟ್ರು "ಬೆಳ್ಳೀನಾ? ಬೆಳ್ಳಿಗೆ ಯಾವ ಕಾಲೇಜಲ್ಲಿ ಸೀಟು ಕೊಡ್ತಾರೆ?" ಅಂದುಬಿಟ್ಟರು. ಹುಡುಗ ಮರುಮಾತಾಡದೆ ಕೆಳಗಿಳಿದು ಪಾರ್ಕಿಂಗಿನಲ್ಲಿ ಕ್ರಿಕೆಟ್ ಸೇರಿಕೊಂಡ.

ಮೇಷ್ಟ್ರಿಗೆ ಈ ಹುಚ್ಚು ಹತ್ತಿದ್ದು ಕಾಲೇಜಿನ ದಿನಗಳಲ್ಲಿ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ 'ಗ್ರಾನ್ ಟುರಿಸ್ಮೊ' ಬಿಡುಗಡೆಯಾಯಿತು. ಅದನ್ನು ಕಟ್ಟಿದ ಕಜುನೊರಿ ಯಮಾಉಚಿಗೆ ಒಂದು ವಿಚಿತ್ರ ಯೋಚನೆ ಹೊಳೆದಿತ್ತು: ದುಡ್ಡು ಕೊಟ್ಟು ರೇಸ್ ಆಟ ಕೊಂಡವನನ್ನು ಮೊದಲು ಡ್ರೈವಿಂಗ್ ಸ್ಕೂಲಿಗೆ ಸೇರಿಸಬೇಕು. ಬಿ, ಎ, ಇಂಟರ್‌ನ್ಯಾಷನಲ್ ಎ ಅಂತ ಮೂರು ಲೈಸೆನ್ಸು. ಅವನ್ನು ಗಳಿಸದೆ ಆಟದ ಮುಖ್ಯ ಭಾಗದಲ್ಲಿ ರೇಸಿಗೆ ಪ್ರವೇಶವಿಲ್ಲ. ಬೇರೆ ಯಾವ ದೇಶದವರು ಗೊಣಗಿದರೋ, ನಮ್ಮ ಮೇಷ್ಟ್ರಿಗಂತೂ ತವರುಮನೆಗೆ ಬಂದಷ್ಟು ಖುಷಿಯಾಯಿತು. ಟ್ಯೂಷನ್ನು, ಪರೀಕ್ಷೆ, ಅಂಕಪಟ್ಟಿ, ರ‍್ಯಾಂಕು! ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಿಂದ ಬಂದ ಡಿಸ್ಕಿನಲ್ಲಿ ಶುರುವಾದ ವಿದ್ಯಾಭ್ಯಾಸ ಈಗ 2022ರ 'ಗ್ರಾನ್ ಟುರಿಸ್ಮೊ 7'ರವರೆಗೆ ಬಂದಿದೆ. ಇದರಲ್ಲಿ ಐದು ಲೈಸೆನ್ಸು, ಒಂದೊಂದಕ್ಕೆ ಹತ್ತು ಪರೀಕ್ಷೆ. ಐವತ್ತರಲ್ಲೂ ಮೇಷ್ಟ್ರದು ಚಿನ್ನ. ಇದು ನಿಮಗೆ ಹೇಗೆ ಗೊತ್ತು ಅನ್ನಬೇಡಿ. ಅವರ ಎದುರು ಒಂದು ಕಪ್ ಕಾಫಿ ಕುಡಿದವರಿಗೆಲ್ಲ ಗೊತ್ತು.

ಹಾಗಾದರೆ ಅವರ ನಿಜವಾದ ಡ್ರೈವಿಂಗ್ ಲೈಸೆನ್ಸು? ಅದೂ ಇದೆ. ಆದರೆ ಆ ಮಾತು ತೆಗೆದರೆ ಮುಖ ಸಪ್ಪಗಾಗುತ್ತದೆ. ಅವರು ಸೇರಿದ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ಪಕ್ಕದವರು ಫೋನಿನಲ್ಲಿ ಸೈಟು ವ್ಯವಹಾರ ಮಾತಾಡುತ್ತಲೇ ಎರಡನ್ನೂ ಒತ್ತುತ್ತಿದ್ದರು, ಆಗಾಗ ಸ್ಟೀರಿಂಗಿಗೂ ಒಂದು ಕೈ ಹಾಕುತ್ತಿದ್ದರು. ಆ ದಿನಗಳಲ್ಲಿ ಕಾರು ಓಡಿಸಿದ್ದು ಯಾರು ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. "ಅಲ್ಲಿ ನನ್ನನ್ನು ಫೇಲ್ ಮಾಡೋರೇ ಇರಲಿಲ್ಲ ಕಣ್ರೀ" ಎನ್ನುವಾಗ ಮೇಷ್ಟ್ರ ದನಿಯಲ್ಲಿ ನಿಜವಾದ ನೋವಿರುತ್ತದೆ.

ಆದ್ದರಿಂದಲೇ ಜಗತ್ತಿನ ಎಲ್ಲ ರೇಸ್ ಆಟಗಳಿಗೂ ಡ್ರೈವಿಂಗ್ ಸ್ಕೂಲ್ ಸೇರಿಸಬೇಕೆಂಬುದು ಅವರ ಜೀವನದ ಹೋರಾಟ. 'ನೀಡ್ ಫಾರ್ ಸ್ಪೀಡ್' ಹೆಸರೆತ್ತಿದರೆ ಸಾಕು, "ಅದು ಪೊಲೀಸರಿಂದ ತಪ್ಪಿಸಿಕೊಂಡು ಓಡೋ ಆಟ, ಡ್ರೈವಿಂಗ್ ಅಲ್ಲ" ಎನ್ನುತ್ತಾರೆ. 2004ರ 'ಜಿಟಿಎ ಸ್ಯಾನ್ ಆಂಡ್ರಿಯಾಸ್' ಬಗ್ಗೆ ಮಾತ್ರ ಗೌರವ. ಕಾರು ಕದಿಯುವ ಆಟವಾದರೂ ಅದರಲ್ಲೊಂದು ಡ್ರೈವಿಂಗ್ ಸ್ಕೂಲಿದೆ. "ಕಳ್ಳರಿಗೇ ಇರೋ ಶಿಸ್ತು ಮಿಕ್ಕವರಿಗೆ ಬೇಡವಾ?" ಎನ್ನುವುದು ಅವರ ಪ್ರಶ್ನೆ. 1999ರ 'ಡ್ರೈವರ್' ಆಟದ ಶುರುವಿನಲ್ಲೇ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಒಂದು ನಿಮಿಷದ ಪರೀಕ್ಷೆ ಇತ್ತು. ಎಷ್ಟೋ ಜನ ಆ ಬೇಸ್‌ಮೆಂಟಿನಿಂದ ಆಚೆ ಬರಲಾಗದೆ ಡಿಸ್ಕನ್ನೇ ಮಾರಿಬಿಟ್ಟರು. ಅದು ಮೇಷ್ಟ್ರಿಗೂ ಒಪ್ಪಿಗೆಯಿಲ್ಲ. "ಪಾಠ ಮಾಡದೆ ಪ್ರಶ್ನೆಪತ್ರಿಕೆ ಕೊಟ್ಟರೆ ಅದು ಸ್ಕೂಲಾ?"

ಇಲ್ಲಿ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಗ್ರಾನ್ ಟುರಿಸ್ಮೊದ ಶಾಲೆ ಒಂದು ಸಲಕ್ಕೆ ಒಂದೇ ವಿದ್ಯೆ ಕಲಿಸುತ್ತದೆ. ಮೊದಲು ಬ್ರೇಕು, ಆಮೇಲೆ ಒಂದು ತಿರುವು, ಆಮೇಲೆ ಸಾಲು ತಿರುವು, ಕೊನೆಗೆ ಇಡೀ ಸುತ್ತು. ಹೇಗೆ ಓಡಿಸಬೇಕೆಂದು ತಾನೇ ಓಡಿಸಿ ತೋರಿಸುತ್ತದೆ. ರಸ್ತೆಯಿಂದ ಆಚೆ ಹೋದರೆ ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿಂದ ಮಾಡಿಸುತ್ತದೆ. ಬೈಯುವುದಿಲ್ಲ, ಟೀ ಕಾಸೂ ಕೇಳುವುದಿಲ್ಲ. ಪಾಸಾಗಲು ಕಂಚು ಸಾಕು. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಾಗಿ ನಿದ್ದೆಗೆಟ್ಟು ಚಿನ್ನದ ಬೆನ್ನು ಹತ್ತುವುದು ಅವರವರ ಕರ್ಮ.

ಮೇಷ್ಟ್ರ ಬಳಿ ಬೆಂಗಳೂರಿಗೆಂದೇ ತಯಾರಿಸಿದ ಪಠ್ಯಕ್ರಮವೂ ಇದೆ. ಬಿ ಲೈಸೆನ್ಸು: ಬಣ್ಣ ಬಳಿಯದ ಅವೈಜ್ಞಾನಿಕ ಹಂಪನ್ನು ರಾತ್ರಿ ಹೊತ್ತು ಗುರುತಿಸುವುದು. ಎ ಲೈಸೆನ್ಸು: ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ದಿನ ಪಾರ್ಕಿಂಗ್ ಹುಡುಕುವುದು. ಇಂಟರ್‌ನ್ಯಾಷನಲ್: ಒನ್‌ವೇಯಲ್ಲಿ ಎದುರು ಬಂದ ನೀರಿನ ಟ್ಯಾಂಕರಿಗೆ ಇಡೀ ಕ್ರಾಸ್ ರಿವರ್ಸ್ ಹೋಗುವುದು, ಆಮೇಲೆ ಅವನಿಂದಲೇ ಬೈಸಿಕೊಳ್ಳುವುದು. ಸೂಪರ್ ಲೈಸೆನ್ಸು: ರಾತ್ರಿ ಹನ್ನೊಂದಕ್ಕೆ ಕೆಂಪು ದೀಪದಲ್ಲಿ ನಿಂತು, ಹಿಂದಿನವರ ಹಾರ್ನನ್ನು ಹಸಿರು ಬರುವ ತನಕ ಸಹಿಸುವುದು. ಈ ಕೊನೆಯದರಲ್ಲಿ ಅವರು ದಿನವೂ ಚಿನ್ನ ಗೆಲ್ಲುತ್ತಾರೆ.

ಮನೆಯವರು ತಕರಾರು ತೆಗೆದಾಗ ಬಳಸಲು ಮೇಷ್ಟ್ರ ಹತ್ತಿರ ಒಂದು ಬ್ರಹ್ಮಾಸ್ತ್ರವಿದೆ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಗ್ರಾನ್ ಟುರಿಸ್ಮೊ ಆಡಿಯೇ 2011ರಲ್ಲಿ ನಿಸ್ಸಾನ್ ಜೊತೆಗಿನ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದ, ನಿಜವಾದ ರೇಸ್ ಕಾರು ಹತ್ತಿದ, 2013ರಲ್ಲಿ ಲೆ ಮಾನ್‌ನ 24 ಗಂಟೆಯ ರೇಸಿಗೂ ಇಳಿದ. ಅವನ ಕತೆ 2023ರಲ್ಲಿ ಸಿನಿಮಾ ಕೂಡ ಆಯಿತು. ಮೇಷ್ಟ್ರ ಹೆಂಡತಿ ಎಲ್ಲ ಕೇಳಿಸಿಕೊಂಡು, "ಗೆದ್ದಾಗ ಅವನಿಗೆ ಹತ್ತೊಂಬತ್ತು. ನಿಮಗೆ ಮೊನ್ನೆ ಬಿಪಿ ಮಾತ್ರೆ ಶುರುವಾಯ್ತು. ಹೋಗಿ ಮೊಸರು ತನ್ನಿ" ಅಂದರು. ಮೇಷ್ಟ್ರು ಇಂಡಿಕೇಟರ್ ಹಾಕಿ, ಮೂರೂ ಕನ್ನಡಿ ನೋಡಿ, ಗೇಟು ದಾಟಿದರು. ಅಂಗಡಿ ಎದುರು ರಸ್ತೆಯಲ್ಲೇ ಇದೆ.

ನನ್ನನ್ನು ಕೇಳಿದರೆ ಮೇಷ್ಟ್ರ ವಾದವೇ ಸರಿ. ರೇಸ್ ಆಟಕ್ಕೆ ಡ್ರೈವಿಂಗ್ ಸ್ಕೂಲ್ ಸೇರಿಸಿದರೆ ಆಟ ಕೆಡುವುದಿಲ್ಲ. ಪಾಠ ಮೊದಲು, ಪರೀಕ್ಷೆ ಆಮೇಲೆ ಇದ್ದರಾಯಿತು. ಪಕ್ಕದವರು ಬ್ರೇಕು ಒತ್ತದೆ ಕಾರು ನಿಲ್ಲಿಸುವುದನ್ನು ನಮ್ಮಲ್ಲಿ ಎಷ್ಟೋ ಜನ ಇನ್ನೂ ಕಲಿಯಬೇಕಾಗಿದೆ. ಮಗನಿಗೋ ಮಗಳಿಗೋ ಎಲ್ಎಲ್ ಆಗಿದ್ದರೆ ಒಂದು ಭಾನುವಾರ ಮೇಷ್ಟ್ರ ಮನೆಗೆ ಕಳಿಸಿ. ತಿಂಡಿ ತಿನ್ನಿಸಿಯೇ ಕಳಿಸಿ. ಚಿನ್ನ ಬರುವ ತನಕ ಅಲ್ಲಿ ಏಳಲು ಬಿಡುವುದಿಲ್ಲ.